ಹತ್ತಿರದ ದಾರಿ ದೂರವಾಗದಿರಲಿ: ನಡಿಗೆ, ಸೈಕಲ್ ಸೌಕರ್ಯಕ್ಕೆ ಊರಲ್ಲೇ ಯೋಜನೆ ಮಾಡುವುದು ಹೇಗೆ?

ಬೆಳಿಗ್ಗೆ ಏಳು ಗಂಟೆಗೆ ಮದ್ರಸಕ್ಕೆ ಹೊರಟ ಮಕ್ಕಳು, ಸುಬ್‌ಹಿ ನಮಾಝ್ ಮುಗಿಸಿ ಮನೆಗೆ ಮರಳುವ ಹಿರಿಯರು, ಮೀನು ತರಲು ಪೇಟೆಗೆ ಹೋಗುವವರು, ರೇಷನ್ ಅಂಗಡಿಗೆ, ಆರೋಗ್ಯ ಕೇಂದ್ರಕ್ಕೆ, ಕುಟುಂಬಶ್ರೀ ಸಭೆಗೆ ನಡೆದು ಹೋಗುವ ತಾಯಂದಿರು. ನಮ್ಮ ಊರುಗಳ ದಿನನಿತ್ಯದ ಓಡಾಟದಲ್ಲಿ ಹೆಚ್ಚಿನದ್ದು ಒಂದೆರಡು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಆದರೆ "ರಸ್ತೆ ಅಭಿವೃದ್ಧಿ" ಎಂದ ಕೂಡಲೇ ನಾವು ಮಾತಾಡುವುದು ಮಂಗಳೂರಿಗೆ ಎಷ್ಟು ನಿಮಿಷ, ಏರ್‌ಪೋರ್ಟಿಗೆ ಎಷ್ಟು ನಿಮಿಷ ಎಂದೇ. ಮನೆಯಿಂದ ಮಸೀದಿಗೆ ಎಷ್ಟು ನಿಮಿಷ ಎಂದು ಯಾರೂ ಕೇಳುವುದಿಲ್ಲ.

ತಲಪಾಡಿಯಿಂದ ಚೆಂಗಳವರೆಗಿನ ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥದ್ದಾಗಿದೆ. ದೂರದ ಪ್ರಯಾಣಕ್ಕೆ ಇದರಿಂದ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ರಸ್ತೆಯ ಆಚೆ ಬದಿಯ ಮನೆಗೆ ಹೋಗಬೇಕಾದವರಿಗೆ? ಅಂಡರ್‌ಪಾಸ್ ಬೇಕು, ನಡೆದು ದಾಟಲು ಮೇಲ್ಸೇತುವೆ ಬೇಕು ಎಂದು ಹಲವು ಊರುಗಳಲ್ಲಿ ಜನ ಹೋರಾಟಕ್ಕೆ ಇಳಿದದ್ದು ಈ ಪ್ರಶ್ನೆಗಾಗಿಯೇ. ಇಂಥ ಬೇಡಿಕೆಗಳನ್ನು ಅಳತೆ, ಲೆಕ್ಕ, ಕಾನೂನು ಇಟ್ಟುಕೊಂಡು ಕೇಳುವುದು ಹೇಗೆ ಎಂಬುದರ ಮಾಹಿತಿ ಈ ಬರಹದಲ್ಲಿದೆ. ಸಂಘಟನೆಗಳ ಯುವಕರು, ಜಮಾಅತ್ ಕಮಿಟಿಯವರು, ವಾರ್ಡ್ ಸದಸ್ಯರು ಇದನ್ನು ಇಟ್ಟುಕೊಳ್ಳಬಹುದು.

ಹತ್ತಿರದ ಪ್ರಯಾಣ ಎಂದರೆ ಎಷ್ಟು ದೂರ?

ಸಾಮಾನ್ಯ ಆರೋಗ್ಯದ ಮನುಷ್ಯ ಗಂಟೆಗೆ ನಾಲ್ಕರಿಂದ ಐದು ಕಿಲೋಮೀಟರ್ ನಡೆಯುತ್ತಾನೆ. ಅಂದರೆ ಒಂದು ಕಿ.ಮೀ.ಗೆ 12ರಿಂದ 15 ನಿಮಿಷ. ಗಡಿಬಿಡಿ ಇಲ್ಲದೆ ಸೈಕಲ್ ತುಳಿದರೆ ಅದೇ 15 ನಿಮಿಷದಲ್ಲಿ ಮೂರು ಕಿ.ಮೀ. ದಾಟಬಹುದು. ಹಾಗಾಗಿ ಯೋಜನೆ ಮಾಡುವಾಗ ಶಾಲೆ, ಮಸೀದಿ, ಪೇಟೆ, ಬಸ್ ಸ್ಟಾಪ್, ರೈಲು ನಿಲ್ದಾಣಗಳ ಸುತ್ತ ಒಂದು ಕಿ.ಮೀ. ನಡಿಗೆಯ ವಲಯ, ಮೂರು ಕಿ.ಮೀ. ಸೈಕಲ್ ವಲಯ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ.

ನಡೆಯುವವರು ಈಗ ಯಾರಿದ್ದಾರೆ ಎಂದು ಕೆಲವರು ಕೇಳ್ತಾರೆ. 2011ರ ಜನಗಣತಿಯಲ್ಲಿ ಕೃಷಿ ಮತ್ತು ಗೃಹೋದ್ಯೋಗ ಬಿಟ್ಟು ಉಳಿದ ಕೆಲಸಗಾರರು ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಕೇಳಲಾಗಿತ್ತು. ದೇಶದಲ್ಲಿ ಸುಮಾರು ನಾಲ್ಕೂವರೆ ಕೋಟಿ ಜನ ನಡೆದೇ ಹೋಗುತ್ತಿದ್ದರು. ಸುಮಾರು 2.6 ಕೋಟಿ ಜನ ಸೈಕಲ್‌ನಲ್ಲಿ. ಬೈಕ್, ಸ್ಕೂಟರಿನವರಿಗಿಂತ ಸೈಕಲಿನವರೇ ಆಗ ತುಸು ಜಾಸ್ತಿ ಇದ್ದರು. ಇದು ಕೆಲಸಕ್ಕೆ ಹೋಗುವವರ ಲೆಕ್ಕ ಮಾತ್ರ. ಶಾಲೆಗೆ ಹೋಗುವ ಮಕ್ಕಳು, ಮನೆಗೆಲಸಕ್ಕೆಂದು ಓಡಾಡುವ ಹೆಂಗಸರು, ನಮಾಝ್‌ಗೆ ಹೋಗುವ ಅಜ್ಜಂದಿರು ಇದರಲ್ಲಿ ಸೇರಿಲ್ಲ.

ನಮ್ಮ ಕರಾವಳಿಯ ಕಷ್ಟವೇ ಬೇರೆ

ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆಯ ನಕ್ಷೆ ತೆಗೆದು ನೋಡಿ. ಪಡುವಣದಲ್ಲಿ ಸಮುದ್ರ. ಅದರ ಪಕ್ಕದಲ್ಲಿ ಮಂಗಳೂರು-ಶೊರ್ನೂರು ರೈಲು ಹಳಿ. ಅದರಾಚೆ ಹೆದ್ದಾರಿ. ಇವೆಲ್ಲ ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಮಲಗಿವೆ. ಆದರೆ ಜನರ ಹತ್ತಿರದ ಓಡಾಟ ಇರುವುದು ಪೂರ್ವ-ಪಶ್ಚಿಮಕ್ಕೆ. ಕಡಪ್ಪುರದ ಮಗು ಹಳಿ ದಾಟಬೇಕು, ಹೆದ್ದಾರಿ ದಾಟಬೇಕು, ಆಮೇಲೆ ಶಾಲೆ. ಗುಡ್ಡೆಯ ಕಡೆಯವರು ಇಳಿದು ಬಂದು ರೈಲು ಹಿಡಿಯಬೇಕಾದರೂ ಅಷ್ಟೇ. ರಸ್ತೆ ಮಾಡುವವರು ಉದ್ದಕ್ಕೆ ಹೋಗುವ ವಾಹನ ಲೆಕ್ಕ ಹಾಕುತ್ತಾರೆ, ಅಡ್ಡಕ್ಕೆ ದಾಟುವ ಮನುಷ್ಯರ ಲೆಕ್ಕ ಹಾಕುವವರು ಕಡಿಮೆ. ಕೇರಳದಲ್ಲಿ ಈ ಹೆದ್ದಾರಿಗೆ ತೆಗೆದುಕೊಂಡ ಜಾಗ 45 ಮೀಟರ್ ಅಗಲ. ಅಷ್ಟರಲ್ಲೇ ಆರು ಪಥ, ಎರಡೂ ಕಡೆ ಸರ್ವಿಸ್ ರಸ್ತೆ, ಚರಂಡಿ ಎಲ್ಲವೂ ಹಿಡಿಯಬೇಕು. ಜಾಗ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ನಡೆಯುವವನ ಪಾಲಿಗೆ.

ಹಳಿ ದಾಟುವ ವಿಷಯದಲ್ಲಿ ಒಂದು ಎಚ್ಚರಿಕೆ. ಅನುಮತಿ ಇಲ್ಲದ ಕಡೆ ಹಳಿ ದಾಟುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ತಲೆತಲಾಂತರದಿಂದ ನಡೆದ ದಾರಿ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಅದಕ್ಕಾಗಿಯೇ ಮೇಲ್ಸೇತುವೆ, ಕೆಳಸೇತುವೆಯ ಬೇಡಿಕೆಯನ್ನು ಲಿಖಿತವಾಗಿ ಇಡುವುದು ಮುಖ್ಯ.

ಸುತ್ತು ದಾರಿಯ ಲೆಕ್ಕ

ಒಂದು ರಸ್ತೆ ಊರನ್ನು ಎಷ್ಟು ತುಂಡು ಮಾಡಿದೆ ಎಂದು ತಿಳಿಯಲು ಸುಲಭ ಉಪಾಯವಿದೆ. ನೇರ ದಾರಿ ಎಷ್ಟು ಮೀಟರ್, ಈಗ ನಡೆಯಬೇಕಾದ್ದು ಎಷ್ಟು ಮೀಟರ್ ಎಂದು ಅಳೆದು ಭಾಗಿಸುವುದು.

ಉದಾಹರಣೆಗೆ, ಮನೆ ರಸ್ತೆಯ ಒಂದು ಬದಿ, ಮಸೀದಿ ಇನ್ನೊಂದು ಬದಿ ಇದೆ ಎನ್ನಿ. ನೇರವಾಗಿ 200 ಮೀಟರ್. ಹತ್ತಿರದ ಅಂಡರ್‌ಪಾಸ್ 700 ಮೀಟರ್ ಆಚೆ. ಆಗ 700 ಮೀಟರ್ ಹೋಗಿ, 200 ಮೀಟರ್ ಅಡ್ಡ ದಾಟಿ, ಮತ್ತೆ 700 ಮೀಟರ್ ಹಿಂದೆ ಬರಬೇಕು. ಒಟ್ಟು 1,600 ಮೀಟರ್. ಎಂಟು ಪಟ್ಟು. ಮೂರು ನಿಮಿಷದ ದಾರಿ 20 ನಿಮಿಷ ದಾಟುತ್ತದೆ. ಐದು ವಕ್ತ್ ನಮಾಝ್‌ಗೆ ಹೋಗಿ ಬರುವ ಒಬ್ಬ ಹಿರಿಯರು ಮೊದಲು ದಿನಕ್ಕೆ ಎರಡು ಕಿ.ಮೀ. ನಡೆಯುತ್ತಿದ್ದರೆ ಈಗ 16 ಕಿ.ಮೀ. ನಡೆಯಬೇಕು! ಯಾರೂ ಹಾಗೆ ನಡೆಯುವುದಿಲ್ಲ. ಒಂದೋ ಮನೆಯಲ್ಲೇ ನಮಾಝ್ ಮಾಡ್ತಾರೆ, ಇಲ್ಲವೇ ಮೊಮ್ಮಗನ ಬೈಕ್ ಕಾಯ್ತಾರೆ, ಅದೂ ಇಲ್ಲದಿದ್ದರೆ ಡಿವೈಡರ್ ಹಾರಿ ದಾಟುತ್ತಾರೆ. ಮೂರನೆಯದ್ದರಲ್ಲಿ ಜೀವ ಹೋಗುತ್ತದೆ. "ಜನರಿಗೆ ಶಿಸ್ತಿಲ್ಲ" ಎಂದು ಬೈಯುವ ಮೊದಲು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ವೇಗವೇ ಮೊದಲ ಅಪಾಯ

ಕೇಂದ್ರ ಸರಕಾರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಐವರಲ್ಲಿ ಹತ್ತಿರ ಹತ್ತಿರ ಒಬ್ಬರು ಸುಮ್ಮನೆ ನಡೆಯುತ್ತಿದ್ದವರು. ದ್ವಿಚಕ್ರ ವಾಹನದವರು ಶೇ. 44ಕ್ಕಿಂತ ಹೆಚ್ಚು.

ಬ್ರೇಕ್ ಹಾಕಿದ ಮೇಲೆ ವಾಹನ ತಕ್ಷಣ ನಿಲ್ಲುವುದಿಲ್ಲ. ಬ್ರಿಟನ್ನಿನ ಚಾಲನಾ ಕೈಪಿಡಿಯ ಲೆಕ್ಕದಂತೆ ಒಣ ರಸ್ತೆಯಲ್ಲಿ ಕಾರು ಗಂಟೆಗೆ 32 ಕಿ.ಮೀ. ವೇಗದಲ್ಲಿದ್ದರೆ ನಿಲ್ಲಲು ಸುಮಾರು 12 ಮೀಟರ್ ಬೇಕು, 48 ಕಿ.ಮೀ.ಗೆ 23 ಮೀಟರ್, 64 ಕಿ.ಮೀ.ಗೆ 36 ಮೀಟರ್. ವೇಗ ಇಮ್ಮಡಿಯಾದರೆ ದೂರ ಮೂರು ಪಟ್ಟು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಇನ್ನೂ ಜಾಸ್ತಿ.

ದಾಟುವವರ ಕಡೆಯಿಂದಲೂ ಲೆಕ್ಕ ಹಾಕಿ. ಏಳು ಮೀಟರ್ ಅಗಲದ ರಸ್ತೆ ದಾಟಲು ವಯಸ್ಸಾದವರಿಗೆ ಒಂಬತ್ತು ಸೆಕೆಂಡ್ ಬೇಕು. 60 ಕಿ.ಮೀ. ವೇಗದ ವಾಹನ ಒಂಬತ್ತು ಸೆಕೆಂಡಿನಲ್ಲಿ 150 ಮೀಟರ್ ಬರುತ್ತದೆ. ತಿರುವಿನಲ್ಲಿ ಅಥವಾ ಬಸ್ಸಿನ ಮರೆಯಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ. 30 ಕಿ.ಮೀ. ಇದ್ದರೆ 75 ಮೀಟರ್ ಕಂಡರೆ ಸಾಕು.

2020ರ ಫೆಬ್ರವರಿಯ ಸ್ಟಾಕ್‌ಹೋಮ್ ಘೋಷಣೆಯೂ ಇದನ್ನೇ ಹೇಳಿದೆ. ನಡೆಯುವವರು, ಸೈಕಲಿನವರು, ವಾಹನಗಳು ಒಟ್ಟಿಗೆ ಸೇರುವ ಕಡೆ ವೇಗ 30 ಕಿ.ಮೀ. ಮೀರಬಾರದು. ನಮ್ಮಲ್ಲಿ ಇದು ಅನ್ವಯ ಆಗಬೇಕಾದ್ದು ಹೆದ್ದಾರಿಯ ಮುಖ್ಯ ಪಥಕ್ಕಲ್ಲ. ಸರ್ವಿಸ್ ರಸ್ತೆ, ಪೇಟೆ ರಸ್ತೆ, ಶಾಲೆ-ಮದ್ರಸದ ಎದುರಿನ ಪಂಚಾಯತ್ ರಸ್ತೆಗೆ.

ಬರೀ ಬೋರ್ಡ್ ಹಾಕಿದರೆ ಯಾರೂ ನಿಧಾನ ಹೋಗುವುದಿಲ್ಲ. ರಸ್ತೆಯೇ ನಿಧಾನ ಮಾಡಿಸಬೇಕು. ಜೀಬ್ರಾ ಕ್ರಾಸಿಂಗನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿ ಮಾಡಿದರೆ ಅದೇ ಹಂಪ್, ಅದೇ ದಾಟುವ ಜಾಗ. ಜಂಕ್ಷನ್ನಿನ ಮೂಲೆ ಬಿಗಿಯಾಗಿದ್ದರೆ ತಿರುಗುವ ವಾಹನ ತಾನಾಗಿ ನಿಧಾನ ಆಗುತ್ತದೆ. ಯಾರೋ ರಾತ್ರಿ ಬಂದು ಸಿಮೆಂಟ್ ಸುರಿದು ಮಾಡಿದ ಹಂಪ್ ಬೇರೆ, ಮಾನದಂಡದಂತೆ ಬಣ್ಣ, ಸೂಚನಾ ಫಲಕ, ಬೆಳಕು ಇಟ್ಟು ಮಾಡಿದ ಹಂಪ್ ಬೇರೆ. ಮೊದಲನೆಯದ್ದು ಬೈಕ್ ಸವಾರರ ಜೀವ ತೆಗೆಯುತ್ತದೆ.

ಫುಟ್‌ಪಾತ್: ಟೇಪ್ ಹಿಡಿದು ಅಳೆಯಿರಿ

ಭಾರತದಲ್ಲಿ ರಸ್ತೆಗಳ ಮಾನದಂಡ ಮಾಡುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐಆರ್‌ಸಿ. ಪಾದಚಾರಿ ಸೌಕರ್ಯಕ್ಕೆ ಐಆರ್‌ಸಿ 103, ಸೈಕಲ್ ಪಥಕ್ಕೆ ಐಆರ್‌ಸಿ 11 ಎಂಬ ಕೈಪಿಡಿಗಳಿವೆ. ನೆನಪಿಡಬೇಕಾದ ಅಳತೆಗಳು ಇಷ್ಟು:

- ಮನೆಗಳಿರುವ ಪ್ರದೇಶದಲ್ಲಿ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್. ಎರಡು ಗಾಲಿಕುರ್ಚಿ ಎದುರುಬದುರು ಬಂದರೂ ದಾಟಿ ಹೋಗಲು ಬೇಕಾದ ಅಗಲ ಇದು.
- ಪೇಟೆಯಲ್ಲಿ ಕನಿಷ್ಠ 2.5 ಮೀಟರ್, ತೀರಾ ಜನಸಂದಣಿಯ ಕಡೆ 4 ಮೀಟರ್.
- ತಲೆಯ ಮೇಲೆ 2.2 ಮೀಟರ್ ಖಾಲಿ ಇರಬೇಕು. ಅಂಗಡಿಯ ಶೀಟು, ಬೋರ್ಡು, ಕೊಂಬೆ ತಾಗಬಾರದು.
- ಅಂಚಿನ ಎತ್ತರ 15 ಸೆಂ.ಮೀ. ಮೀರಬಾರದು.
- ಇಳಿಜಾರಿನ ರ‍್ಯಾಂಪ್ ಆದರೆ 12 ಅಡಿ ಉದ್ದಕ್ಕೆ ಒಂದಡಿ ಎತ್ತರ.

"ಅಡೆತಡೆ ಇಲ್ಲದ" ಎಂಬ ಪದವೇ ಇಲ್ಲಿ ಮುಖ್ಯ. ಎರಡು ಮೀಟರ್ ಫುಟ್‌ಪಾತ್ ಮಾಡಿ ಅದರ ನಡುವೆ ಕರೆಂಟ್ ಕಂಬ ನಿಲ್ಲಿಸಿದರೆ ಅದು ಎರಡು ಮೀಟರ್ ಅಲ್ಲ. ನಮ್ಮ ಕಡೆ ಹೆಚ್ಚಾಗಿ ಚರಂಡಿಯ ಮೇಲಿನ ಕಾಂಕ್ರೀಟ್ ಸ್ಲ್ಯಾಬೇ ಫುಟ್‌ಪಾತ್. ಅದು ತಪ್ಪೇನಲ್ಲ. ಆದರೆ ಸ್ಲ್ಯಾಬುಗಳು ಸಮನಾಗಿರಬೇಕು, ನಡುವೆ ಕಾಲು ಸಿಕ್ಕಿಕೊಳ್ಳುವ ಸಂದು ಇರಬಾರದು, ಹೂಳು ತೆಗೆಯಲು ಎತ್ತಿದ ಸ್ಲ್ಯಾಬನ್ನು ಅದೇ ದಿನ ಮುಚ್ಚಬೇಕು. ಮಳೆಗಾಲದಲ್ಲಿ ನೀರು ನಿಂತಾಗ ತೆರೆದ ಚರಂಡಿ ಯಾವುದು, ರಸ್ತೆ ಯಾವುದು ಎಂದೇ ತಿಳಿಯುವುದಿಲ್ಲ. ಮಕ್ಕಳ ಪಾಲಿಗೆ ಅದು ಬಾವಿ.

ದಾಟುವುದು ಮೇಲಿನಿಂದಲೋ, ಕೆಳಗಿನಿಂದಲೋ, ನೆಲದಲ್ಲೋ?

ನಿಧಾನ ರಸ್ತೆಯಲ್ಲಿ ನೆಲಮಟ್ಟದ ದಾಟುವಿಕೆಯೇ ಎಲ್ಲಕ್ಕಿಂತ ಒಳ್ಳೆಯದು. ವೇಗದ ಆರು ಪಥದಲ್ಲಿ ಅದು ಆಗದು, ಆಗ ಮೇಲೆ ಅಥವಾ ಕೆಳಗೆ ಹೋಗಲೇಬೇಕು.

ಮೇಲ್ಸೇತುವೆಗೆ ಕಷ್ಟ ಏನೆಂದರೆ ಏರುವುದು. ಹೆದ್ದಾರಿಯಲ್ಲಿ ದೊಡ್ಡ ಲಾರಿಗಳಿಗೆ 5.5 ಮೀಟರ್ ಎತ್ತರ ಖಾಲಿ ಬಿಡಬೇಕು. ಸೇತುವೆಯ ದಪ್ಪ ಸೇರಿ ನಡೆಯುವವ ಸುಮಾರು ಆರು ಮೀಟರ್ ಹತ್ತಬೇಕು. 15 ಸೆಂ.ಮೀ.ಯ ಮೆಟ್ಟಿಲಾದರೆ 40 ಮೆಟ್ಟಿಲು ಮೇಲೆ, 40 ಕೆಳಗೆ. ಮೊಣಕಾಲು ನೋವಿನ ಉಮ್ಮಂದಿರಿಗೆ, ಕೈಗೂಸು ಹಿಡಿದವರಿಗೆ, ಸೈಕಲ್ ಇರುವ ಮಕ್ಕಳಿಗೆ ಇದು ಆಗುವ ಮಾತಲ್ಲ. ರ‍್ಯಾಂಪ್ ಮಾಡಿದರೆ ಆರು ಮೀಟರಿಗೆ 72 ಮೀಟರ್ ಉದ್ದ ಬೇಕು. ಹಾಗಾಗಿ ಮೇಲ್ಸೇತುವೆ ಕೇಳುವಾಗ ಲಿಫ್ಟ್ ಅಥವಾ ರ‍್ಯಾಂಪ್ ಸೇರಿಸಿಯೇ ಕೇಳಬೇಕು.

ಅಂಡರ್‌ಪಾಸ್ ಆದರೆ ಇಳಿಯಬೇಕಾದ್ದು ಕಡಿಮೆ. ಮನುಷ್ಯನಿಗೆ ಬೇಕಾದ ಎತ್ತರ ಲಾರಿಯ ಎತ್ತರದ ಅರ್ಧದಷ್ಟು ಮಾತ್ರ. ರಸ್ತೆ ಎತ್ತರಿಸಿದ ಕಡೆ ಇಳಿಯುವುದೇ ಬೇಡ. ಸೈಕಲ್ ಕೂಡ ಹೋಗುತ್ತದೆ. ಆದರೆ ಮೂರು ಶರತ್ತು. ನೀರು ನಿಲ್ಲಬಾರದು, ರಾತ್ರಿ ಬೆಳಕು ಇರಬೇಕು, ಈಚೆಯಿಂದ ನೋಡಿದರೆ ಆಚೆ ತುದಿ ಕಾಣಬೇಕು. ಕತ್ತಲ ಗುಹೆಯಂಥ ಅಂಡರ್‌ಪಾಸಿಗೆ ಇಶಾ ಕಳೆದ ಮೇಲೆ ಹೆಣ್ಣುಮಕ್ಕಳು ಇಳಿಯುವುದಿಲ್ಲ. ಇಳಿಯಬೇಕೆಂದು ಹೇಳುವುದೂ ಸರಿಯಲ್ಲ.

ಸೈಕಲ್ ಮತ್ತು ನಮ್ಮ ಹೆಣ್ಣುಮಕ್ಕಳು

ಎರಡು ಸೈಕಲ್ ಪಕ್ಕಪಕ್ಕ ಹೋಗಲು ಕನಿಷ್ಠ ಎರಡು ಮೀಟರ್ ಅಗಲದ ಪಥ ಬೇಕು. ಪೇಟೆಯಲ್ಲಿ ಅಷ್ಟು ಜಾಗ ಸಿಗದು. ಆದರೆ ಎಲ್ಲ ಕಡೆ ಪ್ರತ್ಯೇಕ ಪಥ ಬೇಕಾಗಿಲ್ಲ. ವಾಹನ ಕಡಿಮೆ ಇರುವ ಒಳದಾರಿಗಳು, ತೋಟದ ನಡುವಿನ ಓಣಿಗಳು, ತೋಡಿನ ಬದಿಯ ದಾರಿಗಳು ನಮ್ಮಲ್ಲಿ ಬೇಕಷ್ಟಿವೆ. ಅವು ತುಂಡು ತುಂಡಾಗಿವೆ ಅಷ್ಟೇ. ಒಂದು ಕಡೆ ಸಂಕ ಮುರಿದಿದೆ, ಇನ್ನೊಂದು ಕಡೆ ಕಾಡು ಬೆಳೆದಿದೆ, ಮತ್ತೊಂದು ಕಡೆ ಹತ್ತು ಮೀಟರ್ ಕೆಸರು. ಇವನ್ನು ಜೋಡಿಸಿದರೆ ಶಾಲೆಗೆ ಹೆದ್ದಾರಿ ತಾಗದ ದಾರಿ ಸಿಗುತ್ತದೆ. ಖರ್ಚೂ ಕಡಿಮೆ. ಶಾಲೆ, ಮಸೀದಿ, ರೈಲು ನಿಲ್ದಾಣದಲ್ಲಿ ಮಾಡಿನಡಿ ಸೈಕಲ್ ಸ್ಟ್ಯಾಂಡ್ ಬೇಕು. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು-ಹತ್ತು ಸೈಕಲ್ ನಿಲ್ಲಿಸಬಹುದು.

ಸೈಕಲ್ ಸಿಕ್ಕಿದರೆ ಏನಾಗುತ್ತದೆ ಎನ್ನುವುದಕ್ಕೆ ಬಿಹಾರ ಸಾಕ್ಷಿ. 2006ರಲ್ಲಿ ಅಲ್ಲಿ ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನದಲ್ಲಿ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿದ್ದು ಕಂಡುಬಂತು. ಶಾಲೆ ಮೂರು ಕಿ.ಮೀ. ಅಥವಾ ಹೆಚ್ಚು ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಕರ್ನಾಟಕದಲ್ಲೂ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾಗಿತ್ತು. ಅದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ, ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದರು. ಸಾವಿರಾರು ಹಳ್ಳಿ ಹೆಂಗಸರು ಕಲಿತರು, ಮುಸ್ಲಿಂ ಹೆಣ್ಣುಮಕ್ಕಳೂ ಅವರಲ್ಲಿದ್ದರು. ನಮ್ಮಲ್ಲಿ ಮಗಳನ್ನು ಸೈಕಲಿನಲ್ಲಿ ಕಳಿಸಲು ಹಿಂಜರಿಯುವವರನ್ನು ಕೇಳಿ ನೋಡಿ. ಹೆಚ್ಚಿನವರ ಉತ್ತರ "ರಸ್ತೆ ನೋಡಿದ್ರೆ ಭಯ ಆಗ್ತದೆ" ಎಂದೇ ಇರುತ್ತದೆ. ದಾರಿ ಸರಿ ಮಾಡಿದರೆ ಅರ್ಧ ಹಿಂಜರಿಕೆ ಕಳೆಯಿತು.

ಮಳೆ, ಬಿಸಿಲು, ಬೀದಿ ವ್ಯಾಪಾರ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಬೇರೆ ಊರಿನ ನಕ್ಷೆ ತಂದು ಇಲ್ಲಿ ಮಾಡಿದರೆ ಆಗದು. ನೀರು ಹರಿಯುವ ದಾರಿ ಮೊದಲು, ನಡೆಯುವ ದಾರಿ ನಂತರ. ಪಾಚಿ ಹಿಡಿದು ಜಾರುವ ನುಣುಪು ಟೈಲ್ಸ್ ಬೇಡ, ಒರಟು ಮೇಲ್ಮೈ ಬೇಕು. ಮಾರ್ಚ್-ಎಪ್ರಿಲ್‌ನಲ್ಲಿ ನೆರಳು ಬೇಕು. ಹೆದ್ದಾರಿಗೆಂದು ಹೋದ ಮರಗಳ ಬದಲಿಗೆ ಒಳರಸ್ತೆಗಳ ಬದಿಯಲ್ಲಿ ನೆಟ್ಟರೆ ಹತ್ತು ವರ್ಷದಲ್ಲಿ ನೆರಳು ಬರುತ್ತದೆ.

ಫುಟ್‌ಪಾತಿನ ಮಾತು ಬಂದರೆ ತಳ್ಳುಗಾಡಿಯವರನ್ನು ಓಡಿಸುವುದು ಸುಲಭದ ದಾರಿ. ಅವರಿಗೂ ಹಕ್ಕಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ವ್ಯಾಪಾರ ಸಮಿತಿ ಮಾಡಿ ಜಾಗ ಗುರುತಿಸಬೇಕು. ನಿಜಕ್ಕೂ ಹೆಚ್ಚು ಜಾಗ ತಿನ್ನುವುದು ನಿಲ್ಲಿಸಿದ ಕಾರು, ಬೈಕುಗಳು. ಪೇಟೆಯ ವ್ಯಾಪಾರಿಗಳಿಗೆ ಪಾರ್ಕಿಂಗ್ ಹೋದರೆ ವ್ಯಾಪಾರ ಹೋದೀತು ಎಂಬ ಆತಂಕ ಇರುವುದು ಸಹಜ. ಚೆನ್ನೈಯ ಪಾಂಡಿ ಬಝಾರಿನಲ್ಲೂ ಈ ಆತಂಕ ಇತ್ತು. ಅಲ್ಲಿ 2019ರಲ್ಲಿ ಅಗಲ ಫುಟ್‌ಪಾತಿನ ಪಾದಚಾರಿ ಬೀದಿ ತೆರೆಯಿತು. ಈಗ ಜನ ಅಲ್ಲಿ ನಡೆಯುತ್ತಲೇ ಅಂಗಡಿ ನೋಡುತ್ತಾರೆ. ಮೊದಲು ವಾರಕ್ಕೊಂದು ಸಂಜೆ ಪ್ರಯೋಗ ಮಾಡಿ ನೋಡಬಹುದು.

ಕಾನೂನು ಏನು ಹೇಳುತ್ತದೆ?

2025ರ ಮೇ 14ರಂದು ಸುಪ್ರೀಂ ಕೋರ್ಟ್ ಒಂದು ಮಹತ್ವದ ಆದೇಶ ಕೊಟ್ಟಿತು. ನಡೆಯಲು ಯೋಗ್ಯ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ಅದು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು, ಒತ್ತುವರಿ ತೆಗೆಯಬೇಕು ಎಂದಿತು. ಇದನ್ನು ಅರ್ಜಿಯಲ್ಲಿ ಧಾರಾಳವಾಗಿ ಉಲ್ಲೇಖಿಸಬಹುದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 198ಎ ಎಂಬ ಕಲಂ ಇದೆ. ನಿಗದಿತ ಮಾನದಂಡ ಪಾಲಿಸದೆ ರಸ್ತೆ ಮಾಡಿ ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂ.ವರೆಗೆ ದಂಡ. ವಾಹನಗಳಿಗಿಂತ ಜನರ ಓಡಾಟಕ್ಕೆ ಆದ್ಯತೆ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ.

ಊರಲ್ಲೇ ಸರ್ವೇ: ಆರು ಹೆಜ್ಜೆ

1. ಮಸೀದಿ, ಮದ್ರಸ, ಶಾಲೆ, ಪೇಟೆ ಯಾವುದಾದರೂ ಒಂದನ್ನು ನಡುವಿಟ್ಟು ನಕ್ಷೆಯಲ್ಲಿ ಒಂದು ಕಿ.ಮೀ., ಮೂರು ಕಿ.ಮೀ.ಯ ಎರಡು ವೃತ್ತ ಎಳೆಯಿರಿ.

2. ಮಕ್ಕಳು, ಹಿರಿಯರು, ಹೆಂಗಸರು ಈಗ ನಿಜವಾಗಿ ನಡೆಯುವ ದಾರಿಗಳನ್ನು ಅವರಿಂದಲೇ ಕೇಳಿ ಬರೆಯಿರಿ. ಅಡ್ಡದಾರಿ, ಸಂಕ, ಹಳಿ ದಾಟುವ ಜಾಗ ಎಲ್ಲವೂ ಇರಲಿ.

3. ಎಣಿಸಿ. ಬೆಳಿಗ್ಗೆ 6.30ರಿಂದ 9.30, ಸಂಜೆ 3.30ರಿಂದ 6.30. ಒಂದು ವಾರದ ದಿನ, ಒಂದು ಶುಕ್ರವಾರ. ಹದಿನೈದು ನಿಮಿಷಕ್ಕೊಮ್ಮೆ ಮಕ್ಕಳು, ಹೆಂಗಸರು, ಗಂಡಸರು, ಹಿರಿಯರು, ಸೈಕಲ್ ಎಂದು ಬೇರೆ ಬೇರೆ ಗೀಟು ಹಾಕಿ.

4. ಅಳೆಯಿರಿ. ಫುಟ್‌ಪಾತಿನ ಅಗಲ, ಅಂಚಿನ ಎತ್ತರ, ತೆರೆದ ಚರಂಡಿಯ ಉದ್ದ, ಬೆಳಕಿಲ್ಲದ ಕಂಬಗಳು, ಸುತ್ತು ದಾರಿಯ ಪ್ರಮಾಣ. ಪ್ರತಿಯೊಂದಕ್ಕೂ ದಿನಾಂಕ ಇರುವ ಫೋಟೋ.

5. ಅಪಘಾತ ಆದ ಜಾಗಗಳ ಪಟ್ಟಿ ಮಾಡಿ. ಪೊಲೀಸ್ ಠಾಣೆಯಿಂದ ಮಾಹಿತಿ ಹಕ್ಕು ಕಾಯ್ದೆಯಡಿ ಐದು ವರ್ಷದ ವಿವರ ಕೇಳಬಹುದು. ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನೂ ಬರೆದಿಡಿ.

6. ಮೂರು ಭಾಗ ಮಾಡಿ. ಈ ತಿಂಗಳು ಆಗುವಂಥದ್ದು (ಸ್ಲ್ಯಾಬ್, ಬಲ್ಬು, ಬಣ್ಣ, ಕಾಡು ಕಡಿಯುವುದು), ಈ ವರ್ಷ ಆಗುವಂಥದ್ದು (ಎತ್ತರಿಸಿದ ಕ್ರಾಸಿಂಗ್, ಫುಟ್‌ಪಾತ್, ಸಂಕ), ದೊಡ್ಡದು (ಅಂಡರ್‌ಪಾಸ್, ಮೇಲ್ಸೇತುವೆ). ಎಲ್ಲವನ್ನೂ ಒಂದೇ ಮನವಿಯಲ್ಲಿ ತುರುಕಿದರೆ ಒಂದೂ ಆಗುವುದಿಲ್ಲ.

ಯಾರಲ್ಲಿ ಕೇಳಬೇಕು?

ರಸ್ತೆ ಯಾರದ್ದು ಎಂದು ಮೊದಲು ತಿಳಿಯಿರಿ. ಒಳರಸ್ತೆ ಪಂಚಾಯತ್ ಅಥವಾ ನಗರಸಭೆಯದ್ದು, ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಹೆದ್ದಾರಿ ಮತ್ತು ಅದರ ಸರ್ವಿಸ್ ರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ಹಳಿ ರೈಲ್ವೆಯದ್ದು. ಹೆದ್ದಾರಿಯ ದೂರಿಗೆ 1033 ಸಹಾಯವಾಣಿ ಇದೆ. ಅಪಘಾತದ ಜಾಗಗಳ ವಿಷಯವನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೂ ಕೊಡಿ.

ಕೇರಳದಲ್ಲಿ ಗ್ರಾಮಸಭೆ ಸೇರುವುದು ವಾರ್ಡ್ ಮಟ್ಟದಲ್ಲಿ. ಪಂಚಾಯತಿನ ವಾರ್ಷಿಕ ಯೋಜನೆಗೆ ಬೇಡಿಕೆ ಸೇರುವುದು ಅಲ್ಲಿಂದಲೇ. ಹತ್ತು ಜನ ಹೋಗಿ ಸಹಿ ಹಾಕಿ ಬರುವ ಬದಲು ಸರ್ವೇ ಹಾಳೆ ಹಿಡಿದು ಹೋದರೆ ಮಾತಿಗೆ ತೂಕ ಬರುತ್ತದೆ. ಮನವಿ ಕನ್ನಡದಲ್ಲೇ ಕೊಡಬಹುದು. ಕಾಸರಗೋಡಿನ ಕನ್ನಡ ಭಾಷಾ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಬೇಗ ಕೆಲಸ ಆಗಲು ಮಲಯಾಳಂ ಪ್ರತಿ ಜೊತೆಗಿರಲಿ.

ಜಮಾಅತ್ ಏನು ಮಾಡಬಹುದು?

ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ತೆಗೆದುಹಾಕುವುದು ಸದಕ ಎಂದೂ, ಈಮಾನಿನ ಒಂದು ಶಾಖೆ ಎಂದೂ ಪ್ರವಾದಿ (ಸ) ಕಲಿಸಿದ್ದನ್ನು ಮದ್ರಸದ ಚಿಕ್ಕ ತರಗತಿಯಲ್ಲೇ ನಾವು ಓದಿದ್ದೇವೆ. ದಾರಿಗೆ ಅದರ ಹಕ್ಕು ಕೊಡಬೇಕೆಂಬ ಬೋಧನೆಯೂ ಇದೆ. ಹಾಗಿರುವಾಗ ಜುಮಾ ದಿನ ಮಸೀದಿಯ ಎದುರು ಫುಟ್‌ಪಾತಿನ ಮೇಲೆ ನಿಂತಿರುವ ಬೈಕುಗಳು ಯಾರವು? ಬೇರೆಯವರನ್ನು ಕೇಳುವ ಮೊದಲು ಇದನ್ನು ಸರಿ ಮಾಡಬೇಕು.

ಖರ್ಚಿಲ್ಲದೆ ಆಗುವ ಕೆಲಸಗಳು ಹಲವು. ಜುಮಾಕ್ಕೆ ಪಾರ್ಕಿಂಗ್ ನೋಡಿಕೊಳ್ಳಲು ಸ್ವಯಂಸೇವಕರು, ಮದ್ರಸಕ್ಕೆ ಒಂದೇ ದಾರಿಯ ಮಕ್ಕಳನ್ನು ಒಟ್ಟುಗೂಡಿಸಿ ಇಬ್ಬರು ದೊಡ್ಡವರು ಕರೆದೊಯ್ಯುವ "ನಡಿಗೆ ಬಸ್", ಮಸೀದಿಯ ಹೊರಗೋಡೆಯಲ್ಲಿ ಒಂದು ದೀಪ, ವುಝೂ ಮಾಡುವ ಜಾಗದ ಪಕ್ಕ ಸೈಕಲ್ ಸ್ಟ್ಯಾಂಡ್. ಒಂದು ದಾರಿ ಅಗಲ ಮಾಡಲು ತಮ್ಮ ಗೋಡೆಯನ್ನು ಎರಡು ಅಡಿ ಹಿಂದೆ ಸರಿಸಿದವರನ್ನು ಊರು ಮರೆಯುವುದಿಲ್ಲ.

ನೆದರ್‌ಲ್ಯಾಂಡ್ಸ್ ಇವತ್ತು ಸೈಕಲ್ ದೇಶ. ಆದರೆ 1971ರಲ್ಲಿ ಅಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಸತ್ತರು, ಅದರಲ್ಲಿ 400ಕ್ಕಿಂತ ಹೆಚ್ಚು ಮಕ್ಕಳು. ಆಗ ತಂದೆ-ತಾಯಂದಿರು "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಬೀದಿಗಿಳಿದರು. ಇಂದು ಕಾಣುವ ಸೈಕಲ್ ಪಥಗಳ ಹಿಂದೆ ಆ ಕೂಗೂ ಇದೆ. ನಮ್ಮ ಊರಿನಲ್ಲಿ ಒಂದು ಮಗು ಹೋದ ಮೇಲೆ ರಸ್ತೆ ತಡೆ ಮಾಡುವ ಬದಲು, ಹೋಗುವ ಮೊದಲೇ ಟೇಪ್, ಪೆನ್ನು, ಹಾಳೆ ಹಿಡಿದು ಒಂದು ಬೆಳಿಗ್ಗೆ ಮದ್ರಸದ ದಾರಿಯಲ್ಲಿ ನಡೆದು ನೋಡೋಣ. ಮುಂದಿನ ಗ್ರಾಮಸಭೆಗೆ ಅಷ್ಟು ಸಾಕು.